ಉತ್ತರ ಗೊತ್ತಿರುವ ಚಿತ್ರದಿಂದ ಶುರು ಮಾಡಿ: ಸಿಟಿ ಸ್ಕ್ಯಾನ್ ಚಿತ್ರಗಳ ಮೇಲೆ ಮೊದಲ ಪ್ರಾಜೆಕ್ಟ್ ಮಾಡುವವರಿಗೆ

ಮೆಡಿಕಲ್ ಫಿಸಿಕ್ಸ್ ವಿದ್ಯಾರ್ಥಿಗಳು ಇಮೇಜ್ ಪ್ರೊಸೆಸಿಂಗ್ ಪ್ರಾಜೆಕ್ಟ್ ಬೇಕು ಅಂತ ಬಂದಾಗ ಮೊದಲ ಮಾತೇ "ಮೇಡಂ, ಯಾವ ನೆಟ್‌ವರ್ಕ್ ಹಾಕೋಣ?" ಅಂತ ಇರುತ್ತದೆ. ನಾನು ತಿರುಗಿ ಕೇಳುವುದು ಬೇರೆ: ಉತ್ತರ ಮೊದಲೇ ಗೊತ್ತಿರುವ ಚಿತ್ರ ನಿಮ್ಮ ಹತ್ತಿರ ಯಾವುದಿದೆ? ರೋಗಿಯ ಸಿಟಿಯಲ್ಲಿರುವ ಗಡ್ಡೆ ನಿಜಕ್ಕೂ ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿರುವುದಿಲ್ಲ. ರೇಡಿಯಾಲಜಿಸ್ಟ್ ಎಳೆದ ಗೆರೆಯೂ ಒಂದು ಅಂದಾಜೇ. ನೀರು ತುಂಬಿದ ಫ್ಯಾಂಟಮ್ (ರೋಗಿಯ ಬದಲು ಸ್ಕ್ಯಾನ್ ಮಾಡುವ ಪರೀಕ್ಷಾ ವಸ್ತು) ಹಾಗಲ್ಲ. ಅದರ ವ್ಯಾಸವನ್ನು ಸ್ಕೇಲ್ ಹಿಡಿದು ಅಳೆಯಬಹುದು, ಒಳಗಿರುವುದು ನೀರು ಅನ್ನುವುದರಲ್ಲಿ ಅನುಮಾನವಿಲ್ಲ. ನಿಮ್ಮ ಪ್ರೋಗ್ರಾಂ ಅದರ ಮುಂದೆಯೇ ಎಡವಿದರೆ, ರೋಗಿಯ ವಿಷಯದಲ್ಲಿ ಅದು ಹೇಳಿದ್ದನ್ನು ಯಾರು ನಂಬಬೇಕು?

ಪೈಥಾನ್ ಸ್ವಲ್ಪ ಬರುತ್ತದೆ, ಸಿಟಿ ಹೇಗೆ ಕೆಲಸ ಮಾಡುತ್ತದೆ ಅಂತ ಕ್ಲಾಸಿನಲ್ಲಿ ಕೇಳಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಪೈಥಾನ್‌ನ ಪೈಡೈಕಾಮ್, ನಮ್‌ಪೈ, ಸೈಕಿಟ್-ಇಮೇಜ್ ಲೈಬ್ರರಿಗಳಿದ್ದರೆ ಕೆಲಸ ನಡೆಯುತ್ತದೆ. ಕಣ್ಣಿನಿಂದ ನೋಡಲು ಇಮೇಜ್‌ಜೆ ಅಥವಾ 3ಡಿ ಸ್ಲೈಸರ್ ಹಾಕಿಕೊಳ್ಳಿ, ಎರಡೂ ಉಚಿತ.

ಮೊದಲು ಹೆಡರ್ ಓದಿ

ಡೈಕಾಮ್ ಫೈಲನ್ನು (ಸ್ಕ್ಯಾನರ್ ಕೊಡುವ ಚಿತ್ರದ ಫೈಲ್, ಅದರ ಹೆಡರ್‌ನಲ್ಲಿ ಸ್ಕ್ಯಾನ್‌ನ ವಿವರ ಇರುತ್ತದೆ) ಪಿಎನ್‌ಜಿ ಮಾಡಿಕೊಂಡು ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ. ಪಿಎನ್‌ಜಿ ಆದ ಕ್ಷಣ ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಬೂದು ಬಣ್ಣ. ಅಳತೆ ಹೋಯಿತು, ಮಿಲಿಮೀಟರ್ ಹೋಯಿತು, ಯಾವ ಕರ್ನಲ್‌ನಲ್ಲಿ (ಚಿತ್ರ ಕಟ್ಟುವಾಗ ಹಾಕುವ ಫಿಲ್ಟರ್) ಚಿತ್ರ ಕಟ್ಟಿದ್ದಾರೆ ಅನ್ನುವ ಮಾಹಿತಿಯೂ ಹೋಯಿತು.

ಡೈಕಾಮ್ ಫೈಲಿನ ಮೊದಲ 128 ಬೈಟ್ ಖಾಲಿ ಜಾಗ ಇದ್ದಂತೆ, ಆಮೇಲೆ ನಾಲ್ಕು ಅಕ್ಷರದ ಗುರುತು, ಅಲ್ಲಿಂದ ಮುಂದೆ ಟ್ಯಾಗ್‌ಗಳ ಸಾಲು. ಎಲ್ಲವನ್ನೂ ಓದಬೇಕಾಗಿಲ್ಲ. ಶುರುವಿನಲ್ಲಿ ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: (0028,0030) ಪಿಕ್ಸೆಲ್ ಅಂತರ, (0018,0050) ಸ್ಲೈಸ್ ದಪ್ಪ, (0020,0032) ಸ್ಲೈಸ್ ಇರುವ ಜಾಗ, (0028,1052) ಮತ್ತು (0028,1053) ರೀಸ್ಕೇಲ್ ಇಂಟರ್ಸೆಪ್ಟ್ ಮತ್ತು ಸ್ಲೋಪ್. ಕೆವಿ (ಎಕ್ಸ್-ರೇ ಟ್ಯೂಬಿನ ವೋಲ್ಟೇಜ್), ಎಂಎ (ಅದರ ಕರೆಂಟ್), ಕರ್ನಲ್ ಹೆಸರು ಕೂಡ ಬರೆದಿಟ್ಟುಕೊಳ್ಳಿ, ನಾಯ್ಸ್ ಅಳೆಯುವಾಗ ಬೇಕಾಗುತ್ತವೆ.

ಫೈಲಿನಲ್ಲಿ ಇರುವ ಸಂಖ್ಯೆ ಹೌನ್ಸ್‌ಫೀಲ್ಡ್ ಯೂನಿಟ್ (ಎಚ್‌ಯು, ಸಿಟಿಯ ಅಳತೆಮಾನ) ಅಲ್ಲ. ಅದನ್ನು ಸ್ಲೋಪ್‌ನಿಂದ ಗುಣಿಸಿ ಇಂಟರ್ಸೆಪ್ಟ್ ಕೂಡಿಸಿದಾಗ ಎಚ್‌ಯು ಬರುತ್ತದೆ. ಸ್ಲೋಪ್ 1, ಇಂಟರ್ಸೆಪ್ಟ್ ಮೈನಸ್ 1024 ಇರುವ ಫೈಲ್‌ಗಳು ಧಾರಾಳವಾಗಿ ಸಿಗುತ್ತವೆ. ಅಂಥ ಫೈಲಿನಲ್ಲಿ ನೀರಿನ ಪಿಕ್ಸೆಲ್ 1024 ಅಂತ ಕೂತಿರುತ್ತದೆ, ಗಾಳಿ 24 ಅಂತ. ಇಲ್ಲೊಂದು ಗುಂಡಿ ಇದೆ. ಆ ಅರೇ 16 ಬಿಟ್ಟಿನ, ಚಿಹ್ನೆ ಇಲ್ಲದ ಪೂರ್ಣಾಂಕವಾಗಿದ್ದರೆ, ನೇರವಾಗಿ 1024 ಕಳೆದಾಗ 24 ಎನ್ನುವುದು ಮೈನಸ್ 1000 ಆಗುವುದಿಲ್ಲ, 64536 ಆಗಿ ಕೂರುತ್ತದೆ. ಪರದೆಯ ಮೇಲೆ ಗಾಳಿಯೆಲ್ಲ ಬೆಳ್ಳಗೆ ಹೊಳೆಯುತ್ತದೆ. ಅಷ್ಟು ಢಾಳಾಗಿ ಕಂಡರೆ ಪುಣ್ಯ. ಶ್ವಾಸಕೋಶದ ಒಳಗೆ ಮಾತ್ರ ಕೆಲವು ಪಿಕ್ಸೆಲ್ ಹೀಗಾಗಿ, ಆಮೇಲೆ ವಿಂಡೋ ಹಾಕುವಾಗ (ಯಾವ ಎಚ್‌ಯುನಿಂದ ಯಾವುದರವರೆಗೆ ಪರದೆಯ ಮೇಲೆ ತೋರಿಸಬೇಕು ಅಂತ ಆರಿಸುವಾಗ) ಅವು "ಮೂಳೆ" ಆಗಿ ಕತ್ತರಿಸಿ ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಕಳೆಯುವ, ಕೂಡುವ ಮೊದಲು ಫ್ಲೋಟ್‌ಗೆ ಬದಲಿಸಿ. ಒಂದು ಸಾಲಿನ ಕೆಲಸ.

ಸ್ಲೈಸ್‌ಗಳನ್ನು ಫೈಲ್ ಹೆಸರಿನ ಪ್ರಕಾರ ಜೋಡಿಸಬೇಡಿ. 10 ಅನ್ನುವುದು 2ಕ್ಕಿಂತ ಮೊದಲು ಬಂದು ಹೊಟ್ಟೆ ಅಡಿಮೇಲಾಗುತ್ತದೆ. (0020,0032) ಟ್ಯಾಗಿನ ಮೂರನೆಯ ಸಂಖ್ಯೆಯಿಂದ ಜೋಡಿಸಿ, ಆಮೇಲೆ ಪಕ್ಕಪಕ್ಕದ ಸ್ಲೈಸ್‌ಗಳ ವ್ಯತ್ಯಾಸ ತೆಗೆದು ನೋಡಿ. ಎಲ್ಲ ಒಂದೇ ಬಂದರೆ ಸರಿ, ಒಂದು ಕಡೆ ದುಪ್ಪಟ್ಟು ಬಂದರೆ ಅಲ್ಲೊಂದು ಸ್ಲೈಸ್ ಕಳೆದುಹೋಗಿದೆ. ಈ ವ್ಯತ್ಯಾಸವೇ ನಿಜವಾದ ಸ್ಲೈಸ್ ಅಂತರ. ಸ್ಲೈಸ್ ದಪ್ಪ ಬೇರೆ, ಅಂತರ ಬೇರೆ. 5 ಮಿಮೀ ದಪ್ಪದ ಸ್ಲೈಸ್‌ಗಳನ್ನು 2.5 ಮಿಮೀಗೊಂದರಂತೆ ಕಟ್ಟಿರಬಹುದು, ಆಗ ದಪ್ಪದಿಂದ ಗುಣಿಸಿದವರಿಗೆ ಘನಫಲ ನೇರ ಎರಡರಷ್ಟಾಗುತ್ತದೆ. ಗ್ಯಾಂಟ್ರಿ (ಸ್ಕ್ಯಾನರ್‌ನ ಉಂಗುರ) ಓರೆಯಾಗಿದ್ದ ಸ್ಕ್ಯಾನ್‌ಗೆ ಈ ಸುಲಭದ ದಾರಿ ಸಾಲದು, ಓರಿಯೆಂಟೇಷನ್ ಟ್ಯಾಗ್ (0020,0037) ಕೂಡ ಹಿಡಿಯಬೇಕು. ಮೊದಲ ಪ್ರಾಜೆಕ್ಟಿಗೆ ಅಂಥದ್ದನ್ನು ಆರಿಸಿಕೊಳ್ಳದಿರುವುದೇ ಜಾಣತನ.

ನೀರನ್ನು ಅಳೆಯಿರಿ

ಎಚ್‌ಯು ಸೂತ್ರ ಎಲ್ಲರ ಬಾಯಲ್ಲೂ ಇರುತ್ತದೆ: ವಸ್ತುವಿನ ಮ್ಯೂನಿಂದ (ಎಕ್ಸ್-ರೇಯನ್ನು ಅದು ಎಷ್ಟು ತಗ್ಗಿಸುತ್ತದೆ ಅನ್ನುವ ಅಳತೆ) ನೀರಿನ ಮ್ಯೂ ಕಳೆದು, ನೀರಿನ ಮ್ಯೂನಿಂದ ಭಾಗಿಸಿ, 1000ದಿಂದ ಗುಣಿಸು. ಹಾಗಾಗಿ ನೀರು 0, ಗಾಳಿ ಮೈನಸ್ 1000. ಕೊಬ್ಬು ಮೈನಸ್ 100ರ ಆಸುಪಾಸು. ಇನ್ನು ಫ್ಯಾಂಟಮ್ ಚಿತ್ರದ ಮೇಲೆ ಐದು ದುಂಡನೆಯ ಆರ್‌ಒಐ (ಅಳೆಯಲು ಆರಿಸಿದ ಜಾಗ) ಹಾಕಿ: ನಡುವೆ ಒಂದು, ಗಡಿಯಾರದ 12, 3, 6, 9ರ ಜಾಗದಲ್ಲಿ ಅಂಚಿನ ಹತ್ತಿರ ಒಂದೊಂದು. ಸರಾಸರಿ ಸೊನ್ನೆಯಿಂದ ಕೆಲವೇ ಎಚ್‌ಯು ಆಚೀಚೆ ಇರಬೇಕು. ಅಂಚಿನ ನಾಲ್ಕೂ ಒಂದೇ ಥರ ಇದ್ದು ನಡುವಿನದು ಮಾತ್ರ ಕಡಿಮೆ ಬಂದರೆ ಅದು ಬೀಮ್ ಹಾರ್ಡನಿಂಗ್‌ನ ಕಪ್ಪಿಂಗ್, ಅಂದರೆ ಬಟ್ಟಲಿನಂತೆ ನಡುವೆ ತಗ್ಗುವುದು. ಮೆತ್ತನೆಯ ಕಿರಣಗಳು ಮೊದಲ ಕೆಲವು ಸೆಂಟಿಮೀಟರ್‌ನಲ್ಲೇ ಹೀರಿಹೋಗಿ, ಗಟ್ಟಿ ಕಿರಣಗಳು ನಡುವಿನ ನೀರನ್ನು "ತೆಳು" ಅಂತ ಓದುತ್ತವೆ. ಇಂಥ ಚಿತ್ರದ ಮೇಲೆ ಒಂದೇ ಥ್ರೆಶೋಲ್ಡ್ (ಎಚ್‌ಯುನ ಗಡಿ) ಹಾಕಿ ಅಂಗ ಬೇರ್ಪಡಿಸಲು ಹೊರಟರೆ ನಡುವೆ ಒಂದು ಗಡಿ, ಅಂಚಿನಲ್ಲಿ ಇನ್ನೊಂದು ಗಡಿ ಬರುತ್ತದೆ. ಅದರಲ್ಲಿ ನಿಮ್ಮ ಅಲ್ಗಾರಿದಮ್‌ನ ತಪ್ಪೇನೂ ಇಲ್ಲ.

ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ನಾಯ್ಸ್ ಅಂತ ಬರೆದುಬಿಡುವ ಅಭ್ಯಾಸ ಇದೆ. ಆ ಸಂಖ್ಯೆಯೊಳಗೆ ಕಪ್ಪಿಂಗ್ ಇದೆ, ಉಂಗುರದ ಗುರುತಿದೆ, ಎಲ್ಲ ಸೇರಿದೆ. ಶುದ್ಧ ನಾಯ್ಸ್ ಬೇಕಿದ್ದರೆ ಏನನ್ನೂ ಅಲುಗಿಸದೆ ಎರಡು ಸಲ ಸ್ಕ್ಯಾನ್ ಮಾಡಿಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಎರಡರಲ್ಲೂ ಸಮನಾಗಿದ್ದದ್ದು ಹೊರಟುಹೋಗುತ್ತದೆ. ಉಳಿದದ್ದರ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು 2ರ ವರ್ಗಮೂಲದಿಂದ ಭಾಗಿಸಿ.

ಈಗ ಎಂಎಎಸ್ (ಎಂಎ ಗುಣಿಸು ಸೆಕೆಂಡ್) ಅರ್ಧ ಮಾಡಿಸಿ. ನಾಯ್ಸ್ ಸುಮಾರು 1.4 ಪಟ್ಟು ಏರಬೇಕು, ಫೋಟಾನ್ ಎಣಿಕೆಯ ಲೆಕ್ಕ ಅದು. ಏರಲಿಲ್ಲವೇ? ಇಲ್ಲಿಂದ ಪಾಠ ರಂಗೇರುತ್ತದೆ. ಯಂತ್ರದ ಸ್ವಯಂ ಎಕ್ಸ್‌ಪೋಷರ್ ನಿಯಂತ್ರಣ ಚಾಲೂ ಇದ್ದು, ನೀವು ಅರ್ಧ ಅಂದುಕೊಂಡದ್ದು ಅರ್ಧ ಆಗಿಯೇ ಇರಲಿಕ್ಕಿಲ್ಲ. ಅಥವಾ ಚಿತ್ರ ಕಟ್ಟಿದ್ದು ಇಟರೇಟಿವ್ ವಿಧಾನದಲ್ಲಿ, ಅಂದರೆ ಮತ್ತೆ ಮತ್ತೆ ತಿದ್ದುತ್ತಾ. ಅದು ವರ್ಗಮೂಲದ ನಿಯಮಕ್ಕೆ ಬಗ್ಗುವುದಿಲ್ಲ. ವಿದ್ಯಾರ್ಥಿ ಹೆಡರ್‌ಗೆ ವಾಪಸ್ ಹೋಗಿ ಎಂಎ ಎಷ್ಟಿತ್ತು, ಕರ್ನಲ್ ಯಾವುದಿತ್ತು ಅಂತ ಹುಡುಕುವಾಗ ಹೆಡರ್ ಹಾಳೆ ಯಾಕೆ ಬರೆಸಿದೆ ಅಂತ ನಾನು ಬಿಡಿಸಿ ಹೇಳಬೇಕಾಗುವುದಿಲ್ಲ.

ನಾಯ್ಸ್ ಸೇರಿಸುವುದಿದ್ದರೆ ಸರಿಯಾದ ಜಾಗದಲ್ಲಿ ಸೇರಿಸಿ

ನಾಯ್ಸ್ ತೆಗೆಯುವ ವಿಧಾನದ ಪೇಪರ್‌ಗಳಲ್ಲಿ ನನಗೆ ಸಿಟ್ಟು ಬರಿಸುವ ಒಂದು ಚಾಳಿ ಇದೆ. ಒಳ್ಳೆಯ ಸಿಟಿ ಚಿತ್ರ ತೆಗೆದುಕೊಳ್ಳುವುದು, ಪ್ರತಿ ಪಿಕ್ಸೆಲ್‌ಗೆ ಗಾಸಿಯನ್ ನಾಯ್ಸ್ ಸುರಿಯುವುದು, ಅದನ್ನು ತಾವೇ ತೆಗೆದು ಬೆನ್ನು ತಟ್ಟಿಕೊಳ್ಳುವುದು. ಸಿಟಿಯ ನಾಯ್ಸ್ ಹಾಗಿರುವುದೇ ಇಲ್ಲ. ಅದು ಹುಟ್ಟುವುದು ಡಿಟೆಕ್ಟರ್‌ನಲ್ಲಿ, ಫೋಟಾನ್ ಎಣಿಸುವಾಗ. ಫಿಲ್ಟರ್ಡ್ ಬ್ಯಾಕ್ ಪ್ರೊಜೆಕ್ಷನ್ (ಪ್ರೊಜೆಕ್ಷನ್‌ಗಳಿಂದ ಚಿತ್ರ ಕಟ್ಟುವ ಲೆಕ್ಕ) ದಾಟಿ ಬರುವಷ್ಟರಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ನಾಯ್ಸ್ ಒಂದಕ್ಕೊಂದು ಅಂಟಿಕೊಂಡು ಹರಳು ಹರಳಾಗಿರುತ್ತದೆ. ಭುಜದಂಥ ಅಗಲ ಜಾಗದಲ್ಲಿ ಅಡ್ಡಡ್ಡ ಗೀರಾಗಿ ಕಾಣುತ್ತದೆ.

ಇದನ್ನು ಕಂಪ್ಯೂಟರ್‌ನಲ್ಲೇ ಮಾಡಿ ನೋಡಬಹುದು, ಸ್ಕ್ಯಾನರ್ ಸಿಗದವರಿಗೆ ಇದು ವರದಾನ. ಸೈಕಿಟ್-ಇಮೇಜ್‌ನಲ್ಲಿ 1974ರ ಶೆಪ್–ಲೋಗನ್ ಫ್ಯಾಂಟಮ್ ಸಿದ್ಧವಾಗಿ ಸಿಗುತ್ತದೆ, ರೇಡಾನ್ ಪರಿವರ್ತನೆ (ಚಿತ್ರದಿಂದ ಪ್ರೊಜೆಕ್ಷನ್ ತೆಗೆಯುವುದು) ಮತ್ತು ಅದರ ವಿಲೋಮವೂ ಸಿಗುತ್ತವೆ. ಕ್ರಮ ಹೀಗೆ. ಫ್ಯಾಂಟಮ್‌ನ ಸಂಖ್ಯೆಗಳನ್ನು ಮೊದಲು ಭೌತಿಕ ಅಳತೆಗೆ ತನ್ನಿ: ಸಿಟಿಯ ಶಕ್ತಿಯಲ್ಲಿ ನೀರಿನ ಮ್ಯೂ ಮಿಲಿಮೀಟರ್‌ಗೆ ಸುಮಾರು 0.02 ಅಂತ ಇಟ್ಟುಕೊಳ್ಳಿ, ಪಿಕ್ಸೆಲ್ ಎಷ್ಟು ಮಿಲಿಮೀಟರ್ ಅಂತ ನೀವೇ ನಿರ್ಧರಿಸಿ. ಎಲ್ಲ ಕೋನಗಳಲ್ಲೂ ಪ್ರೊಜೆಕ್ಷನ್ ತೆಗೆಯಿರಿ. ಹೊರಟ ಫೋಟಾನ್ ಸಂಖ್ಯೆಯನ್ನು e ಘಾತ ಮೈನಸ್ ಪ್ರೊಜೆಕ್ಷನ್‌ನಿಂದ ಗುಣಿಸಿದರೆ ಡಿಟೆಕ್ಟರ್ ತಲುಪಿದ ಸರಾಸರಿ ಎಣಿಕೆ ಸಿಗುತ್ತದೆ. ಅದರ ಸುತ್ತ ಪಾಯಿಸಾನ್ ಸಂಖ್ಯೆ ಎತ್ತಿ, ಲಾಗ್ ತೆಗೆದು ಮತ್ತೆ ಪ್ರೊಜೆಕ್ಷನ್ ಮಾಡಿ, ಚಿತ್ರ ಕಟ್ಟಿ.

ಹೆಚ್ಚಿನವರು ಮೊದಲ ಹೆಜ್ಜೆಯನ್ನು ಹಾರಿಸುತ್ತಾರೆ. ಸಂಖ್ಯೆಗಳನ್ನು ಹಾಗೆಯೇ ಬಿಟ್ಟು ನೂರಾರು ಪಿಕ್ಸೆಲ್ ಕೂಡಿಸಿದಾಗ ಘಾತ ಎಷ್ಟು ದೊಡ್ಡದಾಗುತ್ತದೆಂದರೆ ಒಂದು ಫೋಟಾನೂ ಆಚೆ ಬರುವುದಿಲ್ಲ. ಸೊನ್ನೆಯ ಲಾಗ್ ಅನಂತ, ಪರದೆ ಪೂರ್ತಿ ಕಪ್ಪು. ಅಳತೆಗೆ ತಂದರೆ ಲೆಕ್ಕ ಹಿಡಿತಕ್ಕೆ ಬರುತ್ತದೆ: 20 ಸೆಂಮೀ ನೀರಿನಲ್ಲಿ ಘಾತ 4, ಅಂದರೆ ನೂರಕ್ಕೆ ಸುಮಾರು ಎರಡು ಫೋಟಾನ್ ಪಾರಾಗುತ್ತವೆ. ಅದನ್ನೇ 30 ಸೆಂಮೀ ಮಾಡಿದರೆ ಸಾವಿರಕ್ಕೆ ಎರಡೂವರೆ. ದಪ್ಪ ದೇಹದ ರೋಗಿಯ ಸಿಟಿ ಯಾಕೆ ಅಷ್ಟು ತರಿತರಿಯಾಗಿ ಕಾಣುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಫಿಲ್ಟರ್ ಹಾಕಿದ ಮೇಲೆ ಕಳೆದುಕೊಂಡದ್ದನ್ನು ನೋಡಿ

ಪಿಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದ ಸಿಗ್ನಲ್‌ನ ಅಂಕ) ಏರಿತು ಅಂತ ಸಂಭ್ರಮಿಸುವ ಮೊದಲು ಮೂಲ ಚಿತ್ರದಿಂದ ಫಿಲ್ಟರ್ ಆದ ಚಿತ್ರವನ್ನು ಕಳೆದು, ಕಿರಿದಾದ ವಿಂಡೋದಲ್ಲಿ ನೋಡಿ. ಬರೀ ತರಿತರಿ ಕಂಡರೆ ಸದ್ಯಕ್ಕೆ ಸರಿ. ಅಲ್ಲಿ ಪಕ್ಕೆಲುಬಿನ ಅಂಚೋ, ರಕ್ತನಾಳದ ಕವಲೋ ಗೆರೆಯಾಗಿ ಕಂಡರೆ ನೀವು ತೆಗೆದದ್ದು ನಾಯ್ಸ್ ಮಾತ್ರ ಅಲ್ಲ, ರೋಗಿಯ ದೇಹವನ್ನೂ ತೆಗೆದಿದ್ದೀರಿ.

ಮೀಡಿಯನ್ ಫಿಲ್ಟರನ್ನು ಕಾಗದದ ಮೇಲೆ ಮಾಡಿಸುತ್ತೇನೆ. 3×3 ಚೌಕ, ಹಿನ್ನೆಲೆ 40 ಎಚ್‌ಯು, ನಡುವೆ ಒಂದೇ ಪಿಕ್ಸೆಲ್ ಅಗಲದ ನಾಳ, 200 ಎಚ್‌ಯು. ಒಂಬತ್ತರಲ್ಲಿ ಮೂರು 200, ಆರು 40. ಸಾಲಾಗಿ ಜೋಡಿಸಿ ಐದನೆಯದನ್ನು ಎತ್ತಿದರೆ 40. ನಾಳ ಮಾಯ. ಎಷ್ಟು ಕಾಂಟ್ರಾಸ್ಟ್ ಹಾಕಿ ಅದನ್ನು ಹೊಳೆಯಿಸಿದ್ದರೂ ಅಷ್ಟೇ, 200ರ ಜಾಗದಲ್ಲಿ 2000 ಇದ್ದರೂ ಉತ್ತರ 40. "ಮೀಡಿಯನ್ ಅಂಚನ್ನು ಕಾಪಾಡುತ್ತದೆ" ಅಂತ ಪುಸ್ತಕದಲ್ಲಿ ಓದಿದ್ದು ಸುಳ್ಳಲ್ಲ, ಆದರೆ ತೆಳ್ಳನೆಯ ನಾಳಕ್ಕೆ ಎರಡೂ ಕಡೆ ಅಂಚೇ.

ಮೊದಲ ಪ್ರಾಜೆಕ್ಟಿನಲ್ಲಿ ಎರಡು ಫಿಲ್ಟರ್ ಸಾಕು, ಗಾಸಿಯನ್ ಮತ್ತು ನಾನ್-ಲೋಕಲ್ ಮೀನ್ಸ್ (ಚಿತ್ರದಲ್ಲಿ ಒಂದೇ ಥರ ಕಾಣುವ ತುಣುಕುಗಳ ಸರಾಸರಿ). ಪ್ರತಿಯೊಂದಕ್ಕೂ ನಾಯ್ಸ್ ಎಷ್ಟು ಇಳಿಯಿತು, ಫ್ಯಾಂಟಮ್‌ನ ಅಂಚು ಎಷ್ಟು ಮಿಲಿಮೀಟರ್ ಹರಡಿತು ಅನ್ನುವ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಒಂದನ್ನು ಮಾತ್ರ ತೋರಿಸಿದ ವರದಿಯನ್ನು ನಾನು ಮುಂದೆ ಓದುವುದಿಲ್ಲ.

ಗೋಳದ ಲೆಕ್ಕ

ಸೆಗ್ಮೆಂಟೇಷನ್‌ಗೆ (ಅಂಗವನ್ನೋ ಗಡ್ಡೆಯನ್ನೋ ಗೆರೆ ಎಳೆದು ಬೇರ್ಪಡಿಸುವುದು) ಉತ್ತರ ಗೊತ್ತಿರುವ ಆಕಾರ ಅಂದರೆ ಗೋಳ. ಶ್ವಾಸಕೋಶದ ಚಿಕ್ಕ ಗಂಟಿನ ಬದಲಿಗೆ 10 ಮಿಮೀ ವ್ಯಾಸದ ಗೋಳ ತೆಗೆದುಕೊಳ್ಳಿ. ಸೂತ್ರದ ಪ್ರಕಾರ ಘನಫಲ 524 ಘನ ಮಿಮೀ. ಇದನ್ನು ಸ್ಲೈಸ್ ಅಂತರ 5 ಮಿಮೀ ಇರುವ ಜಾಲರಿಯಲ್ಲಿ ಇಡಿ. ವೋಕ್ಸೆಲ್‌ನ (ಮೂರು ಆಯಾಮದ ಪಿಕ್ಸೆಲ್) ನಡುಬಿಂದು ಗೋಳದೊಳಗಿದ್ದರೆ 1, ಹೊರಗಿದ್ದರೆ 0 ಅಂತ ಎಣಿಸಿ.

ಗೋಳದ ಕೇಂದ್ರ ಸರಿಯಾಗಿ ಒಂದು ಸ್ಲೈಸ್‌ನ ಮೇಲೆ ಕೂತಿದ್ದರೆ, ಮೇಲಿನ ಮತ್ತು ಕೆಳಗಿನ ಸ್ಲೈಸ್ ಗೋಳದ ತುದಿಯನ್ನು ಬರೀ ಮುಟ್ಟುತ್ತವೆ. ಎಣಿಕೆಗೆ ಸಿಗುವುದು ಒಂದೇ ಸ್ಲೈಸ್: 78.5 ಚದರ ಮಿಮೀ, ಗುಣಿಸು 5, ಸುಮಾರು 393. ಈಗ ಗೋಳವನ್ನು ಎರಡೂವರೆ ಮಿಮೀ ಮೇಲಕ್ಕೆ ಸರಿಸಿ. ಕೇಂದ್ರ ಎರಡು ಸ್ಲೈಸ್‌ಗಳ ನಡುವೆ ಬರುತ್ತದೆ. ಎರಡರಲ್ಲೂ 58.9 ಚದರ ಮಿಮೀ, ಒಟ್ಟು ಸುಮಾರು 589. ಗೋಳ ಅದೇ, ಪ್ರೋಗ್ರಾಂ ಅದೇ, ಉತ್ತರ ಒಂದೂವರೆ ಪಟ್ಟು. ಇವತ್ತು ಒಂದು ಸ್ಕ್ಯಾನ್, ಮೂರು ತಿಂಗಳ ನಂತರ ಇನ್ನೊಂದು, ರೋಗಿ ಮೇಜಿನ ಮೇಲೆ ಎರಡೂವರೆ ಮಿಮೀ ಆಚೀಚೆ ಮಲಗಿದ್ದಾರೆ. "ಗಂಟು ಶೇಕಡ 50 ಬೆಳೆದಿದೆ" ಅಂತ ನಿಮ್ಮ ಸಾಫ್ಟ್‌ವೇರ್ ಬರೆಯುತ್ತದೆ! ನಿಜವಾದ ಸ್ಕ್ಯಾನರ್ ಸ್ಲೈಸ್‌ನ ದಪ್ಪದುದ್ದಕ್ಕೂ ಸರಾಸರಿ ಮಾಡುವುದರಿಂದ ಸಂಖ್ಯೆ ಬೇರೆ ಬರುತ್ತದೆ, ಆದರೆ ತೊಂದರೆಯ ಜಾತಿ ಇದೇ. ಅಂತರವನ್ನು 1 ಮಿಮೀಗೆ ಇಳಿಸಿ ಮತ್ತೆ ಮಾಡಿ ನೋಡಿ, ಏರುಪೇರು ಬಹುತೇಕ ಅಡಗುತ್ತದೆ.

ಅದೇ ಗೋಳದಿಂದ ಡೈಸ್ ಅಂಕದ (ಎರಡು ಗೆರೆಗಳ ಒಳಭಾಗ ಎಷ್ಟು ಹೊಂದುತ್ತದೆ ಅನ್ನುವ ಅಂಕ, ಪೂರ್ತಿ ಹೊಂದಿದರೆ 1) ಮರ್ಜಿಯನ್ನೂ ತಿಳಿಯಬಹುದು. ಗೆರೆ ಸುತ್ತಲೂ 1 ಮಿಮೀ ಹೊರಗೆ ಬಿತ್ತು ಅನ್ನಿ. 5 ಮಿಮೀ ತ್ರಿಜ್ಯದ ಗೋಳಕ್ಕೆ ಡೈಸ್ 0.73. ತ್ರಿಜ್ಯ 25 ಮಿಮೀ ಇದ್ದರೆ ಅದೇ ತಪ್ಪಿಗೆ 0.94. ಆದ್ದರಿಂದ ಯಕೃತ್ತಿನ ಮೇಲೆ 0.95 ಬಂತು, ಆಪ್ಟಿಕ್ ನರದ ಮೇಲೆ 0.7 ಬಂತು ಅಂತ ಎರಡನ್ನು ಪಕ್ಕದಲ್ಲಿಟ್ಟು "ನರದಲ್ಲಿ ನಮ್ಮ ವಿಧಾನ ಸೋತಿತು" ಅನ್ನುವಂತಿಲ್ಲ. ಡೈಸ್ ಜೊತೆಗೆ ಮಿಲಿಮೀಟರ್‌ನಲ್ಲಿ ಮೇಲ್ಮೈ ದೂರವನ್ನೂ ಕೊಡಿ, ಹೌಸ್‌ಡಾರ್ಫ್ ದೂರದ (ಎರಡು ಮೇಲ್ಮೈಗಳ ನಡುವಿನ ಅತಿ ದೊಡ್ಡ ಅಂತರ) 95ನೆಯ ಪರ್ಸೆಂಟೈಲ್ ಸಾಕು. ರೇಡಿಯೋಥೆರಪಿಯವರು ಮಾರ್ಜಿನ್ ಯೋಚಿಸುವುದೇ ಮಿಲಿಮೀಟರ್‌ನಲ್ಲಿ.

ಇದಾದ ಮೇಲೆ ರೋಗಿಯ ಚಿತ್ರ. ಇಬ್ಬರು ವೈದ್ಯರು, ಒಬ್ಬರದು ಇನ್ನೊಬ್ಬರಿಗೆ ತೋರಿಸದೆ, ಅದೇ ಅಂಗಕ್ಕೆ ಗೆರೆ ಎಳೆಯಲಿ. ಅವರಿಬ್ಬರ ನಡುವಿನ ಡೈಸ್ 0.85 ಬಂದರೆ, ಒಬ್ಬರ ಗೆರೆಯನ್ನೇ ನೋಡಿ ಕಲಿತ ನಿಮ್ಮ ನೆಟ್‌ವರ್ಕ್ 0.93 ಪಡೆದದ್ದು ಆ ವೈದ್ಯರ ಕೈಬರಹವನ್ನು ಕಲಿತದ್ದಕ್ಕೆ. ಎಲ್‌ಐಡಿಸಿ ಎನ್ನುವ ಶ್ವಾಸಕೋಶದ ಸಾರ್ವಜನಿಕ ಸಂಗ್ರಹದಲ್ಲಿ 1018 ಸ್ಕ್ಯಾನ್‌ಗಳನ್ನು ತಲಾ ನಾಲ್ವರು ರೇಡಿಯಾಲಜಿಸ್ಟ್‌ಗಳು ನೋಡಿದ್ದಾರೆ. ಕೆಲವು ಗಂಟುಗಳನ್ನು ನಾಲ್ವರೂ ಗುರುತಿಸಿದ್ದಾರೆ, ಕೆಲವನ್ನು ಒಬ್ಬರು ಮಾತ್ರ. ಈ ಜಗಳವನ್ನು ಅಳಿಸದೆ ಹಾಗೆಯೇ ಇಟ್ಟಿರುವುದಕ್ಕೇ ನನಗೆ ಆ ಸಂಗ್ರಹ ಇಷ್ಟ.

ರೋಗಿಯ ದತ್ತಾಂಶ ಮುಟ್ಟುವ ಮೊದಲು

ಎಥಿಕ್ಸ್ ಸಮಿತಿಯ ಒಪ್ಪಿಗೆ ಕೈಗೆ ಬರುವ ತನಕ ಒಂದು ಫೈಲೂ ನಿಮ್ಮ ಲ್ಯಾಪ್‌ಟಾಪ್‌ಗೆ ಬರಕೂಡದು. ಹೆಸರು ಅಳಿಸಿದರೆ ಗುರುತು ಅಳಿಯಿತು ಅಂದುಕೊಳ್ಳಬೇಡಿ. ಕಂಪನಿಗಳ ಖಾಸಗಿ ಟ್ಯಾಗ್‌ಗಳಲ್ಲಿ ಏನೇನೋ ಕೂತಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಹೆಸರು ಪಿಕ್ಸೆಲ್ ಮೇಲೆಯೇ ಅಚ್ಚಾಗಿರಬಹುದು. ತಲೆಯ ಸಿಟಿಯನ್ನು 3ಡಿ ಸ್ಲೈಸರ್‌ನಲ್ಲಿ ಮೇಲ್ಮೈ ಮಾಡಿ ತಿರುಗಿಸಿದರೆ ಮುಖವೇ ಎದುರಿಗೆ ಬರುತ್ತದೆ, ಒಮ್ಮೆ ಮಾಡಿ ತೋರಿಸಿದರೆ ಕ್ಲಾಸು ತಾನಾಗಿ ಗಂಭೀರವಾಗುತ್ತದೆ.

ತರಬೇತಿ ಮತ್ತು ಪರೀಕ್ಷೆಗೆ ಭಾಗ ಮಾಡುವಾಗ ರೋಗಿಯ ಪ್ರಕಾರ ಭಾಗ ಮಾಡಿ, ಸ್ಲೈಸ್ ಪ್ರಕಾರ ಬೇಡ. ಒಬ್ಬರದೇ 40ನೆಯ ಸ್ಲೈಸ್ ತರಬೇತಿಯಲ್ಲಿ, 41ನೆಯದು ಪರೀಕ್ಷೆಯಲ್ಲಿ ಇದ್ದರೆ ಅದು ಪ್ರಶ್ನೆಪತ್ರಿಕೆ ಬಯಲಾದ ಪರೀಕ್ಷೆ. ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿ ಬಂದಾಗ ನಾನು ಮೊದಲು ತೆರೆಸುವುದು ಈ ಪಟ್ಟಿಯನ್ನು.

ಎಂಆರ್‌ಐ ಅಥವಾ ಪೆಟ್ ಮೇಲೆ ಕೆಲಸ ಮಾಡುವವರಿಗೆ ಒಂದೆರಡು ಮಾತು. ಎಂಆರ್‌ಐನ ಸಂಖ್ಯೆಗೆ ಎಚ್‌ಯು ಥರದ ಅರ್ಥವಿಲ್ಲ. ಅದೇ ಮೆದುಳು, ಅದೇ ಯಂತ್ರ, ಬೇರೆ ಕಾಯಿಲ್ ಹಾಕಿದರೆ ಬೇರೆ ಸಂಖ್ಯೆ. ಸಿಟಿಗೆ ಬರೆದ ಥ್ರೆಶೋಲ್ಡ್ ಕೋಡನ್ನು ಅಲ್ಲಿ ಅಂಟಿಸಬೇಡಿ. ಪೆಟ್‌ನಲ್ಲಿ ಎಸ್‌ಯುವಿ (ಅಂಗಾಂಶ ಔಷಧವನ್ನು ಎಷ್ಟು ಹೀರಿದೆ ಅನ್ನುವ ಅಂಕ) ಸಿಗಬೇಕಾದರೆ ಇಂಜೆಕ್ಷನ್ ಕೊಟ್ಟ ಹೊತ್ತು, ಕೊಟ್ಟ ಪ್ರಮಾಣ, ರೋಗಿಯ ತೂಕ ಮೂರೂ ಸರಿ ಇರಬೇಕು. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷದ ಆಸುಪಾಸು, ಗಡಿಯಾರ ಒಂದು ಗಂಟೆ ತಪ್ಪಿದ್ದರೆ ಎಸ್‌ಯುವಿ ಶೇಕಡ 30ರಷ್ಟು ಕಡಿಮೆಯೋ, 45ರಷ್ಟು ಹೆಚ್ಚೋ ಬರುತ್ತದೆ.

ಪಾಠ ಮಾಡುವವರಿಗೆ ಒಂದು ಅಭ್ಯಾಸ

ಕಲಿಸುವವರು ಯಾರಾದರೂ ಓದುತ್ತಿದ್ದರೆ, ನಾನು ಲ್ಯಾಬ್ ಪರೀಕ್ಷೆಗೆ ಇಡುವುದು ಇದು. 200 ಮಿಮೀ ವ್ಯಾಸದ ನೀರಿನ ಫ್ಯಾಂಟಮ್‌ನ ಫೈಲ್ ತೆಗೆದುಕೊಂಡು, ಹೆಡರ್‌ನಲ್ಲಿ ಪಿಕ್ಸೆಲ್ ಅಂತರವನ್ನು 0.7ರಿಂದ 0.9 ಮಿಮೀ ಮಾಡಿ ಉಳಿಸುತ್ತೇನೆ. ಒಂದು ಪಿಕ್ಸೆಲ್ಲನ್ನೂ ಮುಟ್ಟುವುದಿಲ್ಲ. ಪರದೆಯ ಮೇಲೆ ಎರಡೂ ಫೈಲ್ ಕೂದಲೆಳೆಯಷ್ಟೂ ಬೇರೆ ಕಾಣುವುದಿಲ್ಲ, ಎಚ್‌ಯು ಸರಿ, ನಾಯ್ಸ್ ಸರಿ. "ಈ ಫೈಲನ್ನು ಚಿಕಿತ್ಸೆಯ ಯೋಜನೆಗೆ ಕಳಿಸಬಹುದೇ?" ಅಂತ ಒಂದೇ ಪ್ರಶ್ನೆ, ಫ್ಯಾಂಟಮ್ ಮೇಜಿನ ಮೇಲೆ ಇರುತ್ತದೆ, ಪಕ್ಕದಲ್ಲಿ ಸ್ಕೇಲ್.

ಎದ್ದು ಹೋಗಿ ಸ್ಕೇಲ್ ಇಟ್ಟವರಿಗೆ ಚಿತ್ರದಲ್ಲಿ 257 ಮಿಮೀ, ಕೈಯಲ್ಲಿ 200 ಮಿಮೀ ಸಿಗುತ್ತದೆ. ಅವರಿಗೆ ಅರ್ಧ ಅಂಕ. ಇನ್ನರ್ಧ ಬೇಕಿದ್ದರೆ ಇದೇ ಫೈಲಿನಿಂದ ಅಳೆದ ಗಡ್ಡೆಯ ಘನಫಲ ಎಷ್ಟು ತಪ್ಪುತ್ತದೆ ಅಂತ ಹೇಳಬೇಕು. ಅಡ್ಡ, ಉದ್ದ ಎರಡೂ ಹಿಗ್ಗಿವೆ, ಸ್ಲೈಸ್ ಅಂತರ ಹಾಗೇ ಇದೆ, ಆದ್ದರಿಂದ 9/7ರ ವರ್ಗ, ಶೇಕಡ 65 ಹೆಚ್ಚು. ಘನ ಮಾಡಿದವರು ಸ್ಲೈಸ್ ಅಂತರದ ಟ್ಯಾಗ್ ನೋಡಿಲ್ಲ ಅಂತ ಅರ್ಥ, ಅವರಿಗೆ ಕಾಲು ಅಂಕ ಕೊಟ್ಟು ಹೆಡರ್ ಹಾಳೆಯನ್ನು ಮತ್ತೆ ಬರೆಸುತ್ತೇನೆ.